ಕುಂಟಲಪಲ್ಕೆಯ ಶೇಕಡಾ ನೂರು

ಕುಂಟಲಪಲ್ಕೆಯವರು ಸರಕಾರದ ಮಾತು ಕೇಳುವುದಿಲ್ಲ ಎಂದು ತಾಲೂಕು ಕಚೇರಿಯವರು ಹೇಳುವುದು ಅಷ್ಟು ಸರಿಯಲ್ಲ. ಕೇಳುತ್ತಾರೆ. ಕೊನೆಯವರೆಗೂ ಕೇಳುತ್ತಾರೆ, ತಲೆಯನ್ನೂ ಆಡಿಸುತ್ತಾರೆ. ಆಮೇಲೆ ತಮಗೆ ಸರಿ ಕಂಡದ್ದನ್ನು ಮಾಡುತ್ತಾರೆ. ಲಾಯಿಲದಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಈ ಊರಿಗೆ ಕೊರೊನಾದ ಎರಡು ವರ್ಷಗಳಲ್ಲಿ ಬಂದಷ್ಟು ಆದೇಶಗಳು ಅದಕ್ಕಿಂತ ಹಿಂದಿನ ಎಪ್ಪತ್ತು ವರ್ಷಗಳಲ್ಲಿ ಬಂದಿರಲಿಲ್ಲ. ತಟ್ಟೆ ಬಡಿಯಿರಿ ಎಂದಾಗ ಬಡಿದರು. ಐದು ನಿಮಿಷ ಎಂದದ್ದನ್ನು ಅರ್ಧ ಗಂಟೆ ಬಡಿದು, ರುಕ್ಮಯ್ಯ ಮಾಸ್ಟ್ರ ಮನೆಯ ಕಂಚಿನ ತಟ್ಟೆ ಬಿರುಕು ಬಿಟ್ಟಿತು. ಮಾಸ್ಕ್ ಹಾಕಿ ಎಂದಾಗ ಹಾಕಿದರು, ಗಲ್ಲಕ್ಕೆ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮಾತ್ರ ಅಂಗಡಿ ಎಂದಾಗ, ವಾರಕ್ಕೊಮ್ಮೆ ಪೇಟೆಗೆ ಹೋಗುತ್ತಿದ್ದವರೂ ದಿನಾ ಹೋಗತೊಡಗಿದರು. ಪೊಲೀಸರು ಅಡ್ಡ ಹಾಕಿದರೆ ತೋರಿಸಲು ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಹಳೆಯ ಔಷಧ ಚೀಟಿ ಇತ್ತು. ರಿಕ್ಷಾ ಓಡಿಸುವ ಮುಂಡಪ್ಪನ ಜೇಬಿನಲ್ಲಿದ್ದದ್ದು ಎಂದೋ ತೀರಿಹೋದ ಅವನ ಅಪ್ಪನ ಬಿ.ಪಿ. ಮಾತ್ರೆಯ ಚೀಟಿ, ಅದನ್ನು ತೋರಿಸಿ ಅವನು ಇಡೀ ಲಾಕ್‌ಡೌನಿನಲ್ಲಿ ಮೀನು ತಂದ. ಮದುವೆಗೆ ಐವತ್ತೇ ಜನ ಎಂದಾಗ, ಒಂದು ಸಲಕ್ಕೆ ಐವತ್ತು ಎಂದು ಅರ್ಥ ಮಾಡಿಕೊಂಡು ನಾಲ್ಕು ಪಂಕ್ತಿ ಬಡಿಸಿದರು.

ಇದನ್ನೆಲ್ಲ ಹತ್ತಿರದಿಂದ ಕಂಡವಳು ಮುಂಡಪ್ಪನ ಹೆಂಡತಿ ಕಾಂತಿ. ಅವಳು ಹನ್ನೊಂದು ವರ್ಷಗಳಿಂದ ಊರಿನ ಆಶಾ ಕಾರ್ಯಕರ್ತೆ. ಪ್ರತಿ ಹೊಸ ಆದೇಶವನ್ನು ಮನೆ ಮನೆಗೆ ಮುಟ್ಟಿಸುವುದು ಅವಳ ಕೆಲಸ, ಅದಕ್ಕೆ ಸಿಗುವ ಬೈಗುಳವೂ ಅವಳದೇ. ಬೆಂಗಳೂರಿಗೆ ಬೈಯಲು ಬೆಂಗಳೂರು ದೂರ. ಗುಲಾಬಿ ಸೀರೆ ಉಟ್ಟುಕೊಂಡು ಅಂಗಳದಲ್ಲಿ ನಿಂತವಳು ಹತ್ತಿರ. ಕಾಂತಿ ಎಲ್ಲವನ್ನೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುವುದನ್ನು ಕಲಿತಿದ್ದಳು.

ಇಂಥ ಊರು ಒಂದೇ ಒಂದು ಆದೇಶವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿತು. ಸಾವಿಗೆ ಐದಕ್ಕಿಂತ ಹೆಚ್ಚು ಜನ ಸೇರಬಾರದು ಎಂದಿತ್ತು ಅದರಲ್ಲಿ. ಎರಡನೇ ಅಲೆಯಲ್ಲಿ ಶೇಷಪ್ಪ ಸತ್ತಾಗ ಐದು ಬಿಡಿ, ಅವನ ಮನೆಗೆ ಒಬ್ಬನೂ ಹೋಗಲಿಲ್ಲ.

ಶೇಷಪ್ಪ ಮರ ಕಡಿಯುವವನು. ಯಾವ ಮರವನ್ನು ಯಾವ ಕಡೆಗೆ ಬೀಳಿಸಬೇಕು ಎಂಬುದು ಅವನಿಗೆ ಮರ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ನಮ್ಮ ಕಡೆ ಸಾವಿನ ಮನೆಗೆ ಯಾರನ್ನೂ ಕರೆಯುವ ಕ್ರಮವಿಲ್ಲ; ಸುದ್ದಿ ಕಿವಿಗೆ ಬಿದ್ದರೆ ಹೋಗಬೇಕು. ಹಾಗೆ ಮೊದಲು ಹೋಗುವವನು ಶೇಷಪ್ಪ, ಹೆಗಲ ಮೇಲೆ ಕೊಡಲಿ. ಚಿತೆಗೆ ಮಾವಿನ ಮರ ಕಡಿಯುವುದರಿಂದ ಹಿಡಿದು ಸೌದೆ ಜೋಡಿಸುವವರೆಗೆ ಅವನದೇ ಯಜಮಾನಿಕೆ. ಮುಂಡಪ್ಪನ ಅಪ್ಪ ಹೋದದ್ದು ಆಟಿ ತಿಂಗಳ ಜಡಿಮಳೆಯಲ್ಲಿ. ಸೌದೆಯೆಲ್ಲ ಒದ್ದೆ. ಮಳೆ ಬಿಡುವವರೆಗೆ ಕಾಯುವ ಎಂದು ಎಲ್ಲರೂ ಹೇಳಿದಾಗ ಶೇಷಪ್ಪ ತನ್ನ ಮನೆಯ ಕೊಟ್ಟಿಗೆಗೆ ಹೊದೆಸಿದ್ದ ತಗಡು ಶೀಟುಗಳನ್ನು ಬಿಚ್ಚಿ ತಂದು, ನಾಲ್ಕು ಕಡೆ ಗೂಟ ಹುಗಿದು, ಮೇಲೆ ಹೊದೆಸಿ, ಎಲ್ಲ ಉರಿದು ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದ. ಕಾಂತಿ ಅದನ್ನು ಮರೆತವಳಲ್ಲ.

ಅಂಥವನಿಗೆ ಮೇ ತಿಂಗಳಲ್ಲಿ ಉಸಿರು ಕಟ್ಟತೊಡಗಿದಾಗ ಮಗ ದಯಾನಂದ ಮೊದಲು ಫೋನ್ ಮಾಡಿದ್ದು ಮುಂಡಪ್ಪನಿಗೆ. ಬೆಳ್ತಂಗಡಿಗೆ ಹದಿನೈದು ನಿಮಿಷದ ದಾರಿ. ಮುಂಡಪ್ಪ ರಿಕ್ಷಾದ ಕೀಲಿ ಕೈಗೆತ್ತಿಕೊಂಡಿದ್ದ. ತಡೆದವಳು ಕಾಂತಿ. ಸೋಂಕಿನ ಲಕ್ಷಣ ಇದ್ದವರನ್ನು ಆ್ಯಂಬುಲೆನ್ಸಿನಲ್ಲಿ ಮಾತ್ರ ಕಳಿಸಬೇಕು ಎಂಬ ಸುತ್ತೋಲೆ ಅವಳ ಚೀಲದಲ್ಲೇ ಇತ್ತು. "ನೀವು ಹೋಗ್ಬೇಡಿ, ನಾನು ಆ್ಯಂಬುಲೆನ್ಸಿಗೆ ಹೇಳ್ತೇನೆ" ಎಂದಳು. ಹೇಳಿದಳು ಕೂಡ. ಅದು ಬಂದದ್ದು ಒಂದೂವರೆ ಗಂಟೆಯ ನಂತರ. ಐದನೆಯ ದಿನ ಶೇಷಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನನ್ನು ಅಲ್ಲೇ ಸುಟ್ಟರು. ದಯಾನಂದ ಬಿಳಿಯ ಕಿಟ್ ಹಾಕಿಕೊಂಡು ದೂರದಿಂದ ನೋಡಿ ಬಂದ.

ಇತ್ತ ಮನೆಗೆ ಕೆಂಪು-ಬಿಳಿ ಪಟ್ಟಿ ಬಿಗಿದು ಹದಿನಾಲ್ಕು ದಿನ ಸೀಲ್ ಮಾಡಿದರು. ಗೋಡೆಗೆ ಭಿತ್ತಿಪತ್ರ ಅಂಟಿಸಿದವಳು ಕಾಂತಿಯೇ. ದಿನಾ ಗೇಟಿನ ಹೊರಗೆ ನಿಂತು "ಜ್ವರ ಉಂಟಾ, ಕೆಮ್ಮು ಉಂಟಾ" ಎಂದು ಕೂಗಿ ಕೇಳಿ ಬರೆದುಕೊಳ್ಳುತ್ತಿದ್ದಳು. ಒಳಗಿನಿಂದ ಶೇಷಪ್ಪನ ಹೆಂಡತಿ ಸುಂದರಿಯಕ್ಕ "ಇಲ್ಲ" ಎಂದು ಕೂಗುತ್ತಿದ್ದರು. ಊರಿನ ವಾಟ್ಸಾಪ್ ಗುಂಪಿನಲ್ಲಿ ನೂರ ಮೂವತ್ತು ಮಂದಿ "ಓಂ ಶಾಂತಿ" ಹಾಕಿದರು. ಯಾರೋ ಒಬ್ಬ ಅವಸರದಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಆಮೇಲೆ ಅಳಿಸಿದ. ಪಂಚಾಯತಿನ ಕಾರ್ಯಪಡೆಯವರು ಗೇಟಿನ ಹತ್ತಿರ ದಿನಸಿ ಕಿಟ್ ಇಟ್ಟು ಫೋಟೊ ತೆಗೆಸಿಕೊಂಡರು. ಪಟ್ಟಿ ಬಿಚ್ಚಿದ ಮೇಲೂ ಯಾರೂ ಹೋಗಲಿಲ್ಲ. ಹೋಗದೆ ಅಷ್ಟು ದಿನವಾದ ಮೇಲೆ ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದು ಎಲ್ಲರಿಗೂ ಅನಿಸಿತು, ಕಾಂತಿಗೆ ಎಲ್ಲರಿಗಿಂತ ಹೆಚ್ಚು ಅನಿಸಿತು.

ಅಷ್ಟರಲ್ಲಿ ಲಸಿಕೆಯ ಭರಾಟೆ ಶುರುವಾಗಿತ್ತು. ಸುಲಭದಲ್ಲಿ ಸಿಗುತ್ತಿದ್ದಾಗ ಯಾರಿಗೂ ಬೇಡ. ಕಾಂತಿ ಅಂಗಳಕ್ಕೆ ಬರುವುದು ಕಂಡರೆ ಗಂಡಸರು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದರು. ಸಿಗುವುದಿಲ್ಲ ಎಂದು ಗೊತ್ತಾದ ದಿನ ಅದೇ ಗಂಡಸರು ಬೆಳಿಗ್ಗೆ ಐದಕ್ಕೆ ಟೋಕನ್ನಿಗೆ ಸಾಲು ನಿಂತು, ಕಾಂತಿ ತನ್ನವರಿಗೆ ಮಾತ್ರ ಕೊಡಿಸುತ್ತಾಳೆ ಎಂದು ದೂರಿದರು. ಹೀಗೆ ಓಡಿಯೂ ಮುಗಿಬಿದ್ದೂ ಡಿಸೆಂಬರಿಗೆ ಬರುವಾಗ ಊರಿನ ನಾನೂರ ಹನ್ನೆರಡು ವಯಸ್ಕರಲ್ಲಿ ನಾನೂರ ಹನ್ನೊಂದು ಮಂದಿಗೆ ಆಗಿತ್ತು. ಕಾಂತಿಯ ರಿಜಿಸ್ಟರಿನಲ್ಲಿ ಒಂದು ಸಾಲು ಮಾತ್ರ ಖಾಲಿ. ಸುಂದರಿ, ಗಂಡ ದಿವಂಗತ ಶೇಷಪ್ಪ, ವಯಸ್ಸು ಐವತ್ತೆಂಟು, ಬೀಡಿ ಕೆಲಸ.

ಒಂದು ಸಾಲು ಎಂದರೆ ಏನು ಮಹಾ ಎಂದು ನಮಗೆ ಅನಿಸಬಹುದು. ಆದರೆ ಡಿಸೆಂಬರ್ ಇಪ್ಪತ್ತರ ಸೋಮವಾರ 'ಶೇಕಡಾ ನೂರು ಲಸಿಕೆ ಪಡೆದ ಗ್ರಾಮ' ಎಂದು ಘೋಷಿಸುವ ಕಾರ್ಯಕ್ರಮ ನಿಗದಿಯಾಗಿ, ಬ್ಯಾನರ್ ಅಚ್ಚಾಗಿ, ಶಾಮಿಯಾನಕ್ಕೂ ಹೇಳಿ ಆಗಿತ್ತು. ತೊಂಬತ್ತೊಂಬತ್ತು ಮುಕ್ಕಾಲಿಗೆ ಯಾರೂ ಶಾಮಿಯಾನ ಹಾಕುವುದಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರು ಕಾಂತಿಯನ್ನು ಕರೆದು, "ಒಬ್ಬ ಹೆಂಗಸನ್ನು ಒಪ್ಪಿಸ್ಲಿಕ್ಕೆ ಆಗುದಿಲ್ಲವಾ ನಿಮಗೆ? ಸೋಮವಾರದೊಳಗೆ ಆಗ್ಲಿಲ್ಲ ಅಂದ್ರೆ ಆ ಊರಿಗೆ ಬೇರೆ ಆಶಾ ನೋಡ್ಬೇಕಾದೀತು" ಎಂದರು. ಹನ್ನೊಂದು ವರ್ಷ ಸವೆಸಿದ ಚಪ್ಪಲಿಗಳೆಲ್ಲ ಕಾಂತಿಗೆ ನೆನಪಾದವು. ಆ ಕೆಲಸ ಬಿಟ್ಟರೆ ತಾನು ಯಾರು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಸುಂದರಿಯಕ್ಕ ಬೇಡ ಎಂದು ಬಾಯಿ ಬಿಟ್ಟು ಹೇಳಿದವರಲ್ಲ. ಕಾಂತಿ ಅಂಗಳದಲ್ಲಿ ನಿಂತು, "ಸುಂದರಿಯಕ್ಕ, ಒಮ್ಮೆ ಬನ್ನಿ, ಸೂಜಿ ಗೊತ್ತೇ ಆಗುದಿಲ್ಲ" ಎನ್ನುತ್ತಿದ್ದಳು. ಅವರು ಜಗಲಿಯಲ್ಲಿ ಕೂತು ಗೆರಸೆಯಲ್ಲಿ ಬೀಡಿ ಸುತ್ತುತ್ತಾ, "ನೋಡುವ" ಎನ್ನುತ್ತಿದ್ದರು. ನಮ್ಮ ಕಡೆ 'ನೋಡುವ' ಎಂದರೆ ಇಲ್ಲ ಎಂದೇ ಲೆಕ್ಕ. ದಯಾನಂದ ಬಿ.ಸಿ.ರೋಡ್-ಮೂಡುಬಿದಿರೆ ಬಸ್ಸಿನ ಕಂಡಕ್ಟರ್. ಅವನೂ ಅವನ ಹೆಂಡತಿ ನವ್ಯಾಳೂ ಯಾವಾಗಲೋ ಹಾಕಿಸಿಕೊಂಡಿದ್ದರು. "ಅಮ್ಮನ ಹತ್ರ ಆ ವಿಷಯ ಮಾತಾಡಿದ್ರೆ ಎದ್ದು ಹೋಗ್ತಾರೆ ಮಾರಾಯ್ತಿ" ಎಂದು ಅವನು ಕೈಚೆಲ್ಲಿದ. ಹಾಗಾದರೆ ಇದು ಮೂಢನಂಬಿಕೆಯೇ ಸರಿ ಎಂದು ಮೇಲಿನವರು ತೀರ್ಮಾನಿಸಿದರು. ಮನವೊಲಿಸಲು ಗಣ್ಯರನ್ನು ಕಳಿಸುವುದು ಎಂದಾಯಿತು.

ಮೊದಲು ಬಂದವರು ಪಂಚಾಯತ್ ಅಧ್ಯಕ್ಷೆ ಹಫ್ಸ. ಸುಂದರಿಯಕ್ಕ ಗೆರಸೆಯನ್ನು ಬದಿಗೆ ಸರಿಸಿ, ಒಳಗಿನಿಂದ ಚಾಪೆ ತಂದು ಹಾಸಿದರು. ಹಫ್ಸ ಕೂತರು. ಸರಕಾರದ ಯೋಜನೆಗಳನ್ನೆಲ್ಲ ಹೇಳಿ ಮುಗಿಸಿ, "ಶೇಷಪ್ಪಣ್ಣನನ್ನೇ ನೋಡಿ, ಆಗ ಲಸಿಕೆ ಸಿಗ್ತಿದ್ರೆ ಇರ್ತಿದ್ರೋ ಏನೋ" ಎಂದರು. ಸುಂದರಿಯಕ್ಕ ತಲೆ ಎತ್ತಿ, "ನಿಮ್ಮ ಬಾಪ ಹೋದಾಗ ಇವರು ಬಂದಿದ್ರು, ಅಲ್ಲವಾ" ಎಂದರು. ಹಫ್ಸ "ಬಂದಿದ್ರು. ಮಣ್ಣು ಅಗೀಲಿಕ್ಕೆ ಜನ ಇರ್ಲಿಲ್ಲ, ಅವರೇ ಹಾರೆ ಹಿಡಿದ್ರು" ಎಂದು ಹೇಳತೊಡಗಿದರು. ಹತ್ತು ನಿಮಿಷಕ್ಕೆಂದು ಬಂದವರು ಮುಕ್ಕಾಲು ಗಂಟೆ ಕೂತರು. ಹೊರಗೆ ಬಂದು ಕಾಂತಿಗೆ, "ಅರ್ಧ ಒಪ್ಪಿದ್ದಾರೆ" ಎಂದರು.

ರುಕ್ಮಯ್ಯ ಮಾಸ್ಟ್ರು ನಿವೃತ್ತರಾಗಿ ಒಂಬತ್ತು ವರ್ಷವಾದರೂ ಪಾಠ ಬಿಟ್ಟವರಲ್ಲ. ರೋಗನಿರೋಧಕ ಶಕ್ತಿಯನ್ನು ವಿವರಿಸಲು ಒಂದು ಡ್ರಾಯಿಂಗ್ ಹಾಳೆಯನ್ನೇ ತಂದಿದ್ದರು. ಅವರಿಗೂ ಚಾಪೆ ಬಂತು. ಹಾಳೆ ಬಿಡಿಸುವ ಮೊದಲೇ ಮಾತು ಶಾಲೆಯ ಮಾಡಿನ ಮೇಲೆ ಬೀಳುವಂತಿದ್ದ ಹಲಸಿನ ಮರವನ್ನು ಶೇಷಪ್ಪ ಒಂದು ಹಂಚೂ ಒಡೆಯದ ಹಾಗೆ ಇಳಿಸಿದ್ದಕ್ಕೆ ಹೋಯಿತು. ಮಾಸ್ಟ್ರು ಹಾಳೆಯನ್ನು ಸುರುಳಿ ಸುತ್ತಿಕೊಂಡೇ ಮರಳಿದರು. ಅವರ ಪ್ರಕಾರವೂ ಅರ್ಧ ಒಪ್ಪಿಗೆ ಆಗಿತ್ತು. ಬೀಡಿ ಬ್ರಾಂಚಿನ ಶೇಖರ, ಮೀನಿನ ಅಸ್ಕರ್, ಭಜನಾ ಮಂಡಳಿಯ ಇಬ್ಬರು ಹೆಂಗಸರು, ಎಲ್ಲರೂ ಹೋಗಿ ಕೂತು ಬಂದರು, ಎಲ್ಲರಿಗೂ ಅರ್ಧರ್ಧ ಸಿಕ್ಕಿತು. ಆ ಅರ್ಧಗಳನ್ನು ಕೂಡಿಸಿದ್ದರೆ ಸುಂದರಿಯಕ್ಕನಿಗೆ ಬೂಸ್ಟರೂ ಆಗಿ ಮುಗಿಯಬೇಕಿತ್ತು.

ಅಷ್ಟಕ್ಕೇ ಬಿಡದೆ ಇಲಾಖೆಯವರು ಬೀದಿನಾಟಕದ ತಂಡವನ್ನೂ ಕಳಿಸಿದರು. ಮೈಗೆಲ್ಲ ಕೆಂಪು ಥರ್ಮೊಕೋಲಿನ ಮುಳ್ಳು ಅಂಟಿಸಿಕೊಂಡ ವೈರಸ್ಸು ಸುಂದರಿಯಕ್ಕನ ಅಂಗಳದಲ್ಲಿ ಕುಣಿದು, ಲಸಿಕೆ ಬೇಡ ಎನ್ನುವ ಮೂಢ ಅಜ್ಜಿಯೊಬ್ಬಳನ್ನು ಹೆದರಿಸಿ, ಕೊನೆಗೆ ಡಾಕ್ಟರ ಕೈಯಲ್ಲಿ ಸತ್ತಿತು. ಸುಂದರಿಯಕ್ಕ ಕೊನೆಯವರೆಗೂ ನೋಡಿ, ಚಾಪೆ ಹಾಸಿ, ಎಲ್ಲರನ್ನೂ ಕೂರಿಸಿದರು. ಮುಳ್ಳಿನಿಂದಾಗಿ ವೈರಸ್ಸಿಗೆ ಕೂರಲು ಆಗಲಿಲ್ಲ. ಅದು ಕಂಬಕ್ಕೆ ಒರಗಿ ನಿಂತು, ತನ್ನ ದೊಡ್ಡಪ್ಪನ ಸಾವಿಗೆ ದೂರದ ನರಿಕೊಂಬಿನವರೆಗೆ ಶೇಷಪ್ಪ ನಡೆದುಕೊಂಡು ಬಂದಿದ್ದ ಕತೆ ಹೇಳಿತು.

ಕೊನೆಗೆ ತಾಲೂಕಿನಿಂದ ಸಾಹೇಬರೇ ಜೀಪಿನಲ್ಲಿ ಬಂದರು. ಬಿಜಾಪುರದ ಕಡೆಯವರು, ಈ ತಾಲೂಕಿಗೆ ಬಂದು ಎರಡು ವರ್ಷ. "ಯಾವ ದೇವ್ರು ಬ್ಯಾಡ ಅಂತ ಹೇಳ್ಯಾನ್ರಿ ನಿಮಗ?" ಎಂದು ಜೋರಾಗಿಯೇ ಶುರು ಮಾಡಿದರು. "ದೇವರು ಎಂತ ಹೇಳ್ತಾರೆ ಸರ್, ಕೂತ್ಕೊಳ್ಳಿ" ಎಂದರು ಸುಂದರಿಯಕ್ಕ. ಆಮೇಲೆ ಒಳಗೆ ಏನು ಮಾತಾಯಿತು ಎಂಬುದು ಅಂಗಳದಲ್ಲಿದ್ದ ಕಾಂತಿಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಸಾಹೇಬರ ದನಿ ತಗ್ಗಿತು. "ನಮ್ಮವ್ವನೂ ಮೇ ತಿಂಗಳದಾಗ ಹೋದಳ್ರಿ. ಇಲ್ಲಿ ಡ್ಯೂಟಿ ಇತ್ತು, ನಾ ಹೋಗಲಿಲ್ಲ" ಎಂಬುದು ಮಾತ್ರ ಕೇಳಿತು. ಹೊರಗೆ ಬಂದವರು ಕನ್ನಡಕ ಒರೆಸಿಕೊಳ್ಳುತ್ತಾ ಯಾರಿಗೂ ಏನೂ ಹೇಳದೆ ಜೀಪು ಹತ್ತಿದರು. ಮರುದಿನ ಕಚೇರಿಯ ವರದಿಯಲ್ಲಿ 'ಫಲಾನುಭವಿಯ ಮನವೊಲಿಕೆ ಪ್ರಗತಿಯಲ್ಲಿದೆ' ಎಂದಿತ್ತು.

ಒಂದು ಸಂಗತಿ ಮಾತ್ರ ಕಾಂತಿಯ ಮನಸ್ಸಿಗೆ ಚುಚ್ಚುತ್ತಿತ್ತು. ಸುಂದರಿಯಕ್ಕನ ಮನೆಗೆ ಹೋದವರಿಗೆ ಹಿಂದೆಲ್ಲ ಬಾಯಿಗೆ ಏನಾದರೂ ಹಾಕದೆ ಹೊರಡಲು ಬಿಡುತ್ತಿರಲಿಲ್ಲ. ಈಗ ಸಾಹೇಬರಿಗೂ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಇಲ್ಲ. ಹೊರಟವರು "ಬರ್ತೇವೆ" ಎಂದರೆ "ಹೋಗಿ ಬನ್ನಿ" ಎಂಬ ಮಾತೂ ಇಲ್ಲ. ಮುಖ ತಿರುಗಿಸಿ ಚಾಪೆ ಮಡಚುತ್ತಿದ್ದರು. ಎಷ್ಟು ಸಿಟ್ಟಿರಬೇಕು ಎಂದುಕೊಂಡಳು ಕಾಂತಿ. ಆ ಸಿಟ್ಟಿನ ಮೊದಲ ಪಾಲು ತನಗೇ ಎಂಬ ಹೆದರಿಕೆಯಿಂದ ಅವಳು ಒಂದು ದಿನವೂ ಜಗಲಿ ಹತ್ತಲಿಲ್ಲ. ಸಮಯವಿಲ್ಲ ಎಂಬ ನೆವ ಹೇಗೂ ಇತ್ತು.

ಶನಿವಾರ ಬೆಳಿಗ್ಗೆ ಡಾಕ್ಟರು ಹೊಸ ಫಾರಂ ಕೊಟ್ಟು ಕಳಿಸಿದರು. ಲಸಿಕೆ ನಿರಾಕರಿಸಿದವರು ಸಹಿ ಹಾಕಬೇಕಾದ ಪತ್ರ. ಅದಕ್ಕೆ ಸಹಿ ಬಿದ್ದರೆ ತಪ್ಪು ಇಲಾಖೆಯದ್ದಲ್ಲ, ಹೆಂಗಸಿನದ್ದು ಎಂದಾಗುತ್ತದೆ. ಕಾಂತಿಯ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಮಾತ್ರ ಅದರಲ್ಲಿ ಬರೆದಿರಲಿಲ್ಲ. ಅವಳು ಎಂದಿನಂತೆ ಅಂಗಳದಲ್ಲಿ ನಿಂತು, "ಸುಂದರಿಯಕ್ಕ, ಇದಕ್ಕೊಂದು ಸಹಿ ಬೇಕಿತ್ತು. ಆಧಾರ್ ನಂಬರೂ ಬೇಕು" ಎಂದಳು. ಸುಂದರಿಯಕ್ಕ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದು ಹಾಗೆಯೇ ಅವಳ ಕೈಗಿಟ್ಟು, ಮತ್ತೆ ಗೆರಸೆಯ ಮುಂದೆ ಕೂತರು.

ಕವರಿನಲ್ಲಿ ರೇಷನ್ ಕಾರ್ಡು, ಬೀಡಿ ಕಾರ್ಮಿಕರ ಗುರುತಿನ ಚೀಟಿ, ಆಧಾರ್. ಆಧಾರಿನ ಹಿಂದೆ ನಾಲ್ಕಾಗಿ ಮಡಚಿದ ಒಂದು ಕಾಗದ. ಕಾಂತಿ ಬಿಡಿಸಿ ನೋಡಿದಳು. ಅಂಥ ಕಾಗದವನ್ನು ಅವಳು ನೂರಾರು ಸಲ ಕಂಡಿದ್ದಳು, ಆದರೂ ಎರಡು ಸಲ ಓದಬೇಕಾಯಿತು. ಸುಂದರಿ, ಹೆಣ್ಣು, ಐವತ್ತೆಂಟು. ಮೊದಲ ಡೋಸು ಜುಲೈ, ಎರಡನೆಯದು ಅಕ್ಟೋಬರ್. ಸ್ಥಳ ಮೂಡುಬಿದಿರೆ. ಮೂಡುಬಿದಿರೆಯಲ್ಲಿ ಸುಂದರಿಯಕ್ಕನ ಮಗಳು ಹರ್ಷಿತಾಳ ಗಂಡನ ಮನೆ. ಮಗಳ ಮೊಬೈಲ್ ನಂಬರು ಕೊಟ್ಟು ಅಲ್ಲಿ ಹಾಕಿಸಿಕೊಂಡದ್ದು ಕುಂಟಲಪಲ್ಕೆಯ ರಿಜಿಸ್ಟರಿಗೆ ಬರುವ ದಾರಿಯೇ ಇರಲಿಲ್ಲ.

"ಎರಡೂ ಆಗಿದೆಯಲ್ಲ ಸುಂದರಿಯಕ್ಕ" ಎಂದಳು ಕಾಂತಿ. ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

"ಆಗದೆ ಎಂತ. ಹರ್ಷಿತಾ ಬಿಡ್ತಾಳಾ? ಎಳ್ಕೊಂಡು ಹೋದ್ಲು."

"ದಯಾನಂದನಿಗೆ ಗೊತ್ತಿಲ್ಲವಾ?"

"ಹೇಳ್ಬೇಡ ಅಂತ ಹರ್ಷಿತಾಳಿಗೆ ಹೇಳಿದ್ದೆ. ಅವನಿಗೆ ಗೊತ್ತಾದ್ರೆ ಇಡೀ ಬಸ್ಸಿಗೆ ಗೊತ್ತಾಗ್ತದೆ."

"ಮತ್ತೆ ಇಷ್ಟು ಜನ ಬಂದಾಗ ನೀವು ಯಾಕೆ ಹೇಳ್ಲಿಲ್ಲ?"

"ಕೇಳಿದ್ದು ಯಾರು? ತಗೊಳ್ಳಿ ತಗೊಳ್ಳಿ ಅಂತ ಎಲ್ಲರೂ ಹೇಳಿದ್ರು. ತಗೊಂಡಿದ್ದೀರಾ ಅಂತ ಒಬ್ಬರಾದ್ರೂ ಕೇಳಿದ್ದುಂಟಾ?"

ಸುಂದರಿಯಕ್ಕ ಸುತ್ತಿದ ಬೀಡಿಗೆ ನೂಲು ಬಿಗಿದು ಗೆರಸೆಗೆ ಹಾಕಿದರು. ಕೈ ನಿಲ್ಲಲಿಲ್ಲ.

"ಬಾರದ ಊರಿಗೆ ನಾನು ಯಾಕೆ ಹೇಳ್ಬೇಕು ಅಂತ ಇತ್ತು ಮೊದಲು. ಹಫ್ಸ ಮನೆಗೇ ಬಂದಾಗ ಕಾಗದ ತೋರ್ಸುವ ಅಂತಲೇ ಇದ್ದೆ ಕಾಂತಿ. ಅಷ್ಟರಲ್ಲಿ ಅವಳು ಇವರ ಹೆಸರು ತೆಗೆದ್ಲು. ಇವರು ಹೋಗಿ ಏಳು ತಿಂಗಳಾಯ್ತು, ಈ ಜಗಲಿಯಲ್ಲಿ ಕೂತು ಇವರ ಮಾತಾಡಿದ್ದು ಅವಳೇ ಮೊದಲು. ಕಾಗದ ತೋರ್ಸಿದ್ರೆ ಎದ್ದು ಹೋಗ್ತಿದ್ಲು. ಆಮೇಲೆ ಮಾಸ್ಟ್ರು ಬಂದ್ರು. ಮಾಸ್ಟ್ರು ಅತ್ತರು, ಗೊತ್ತುಂಟಾ ನಿನಗೆ?"

ಆಗ ಕಾಂತಿಗೆ ಒಂದೊಂದಾಗಿ ಹೊಳೆಯಿತು. ಸಾವಿನ ಮನೆಗೆ ಬಂದವರಿಗೆ ಚಾಪೆ ಹಾಸುತ್ತಾರೆ. ಬೆಲ್ಲ ನೀರು ಕೊಡುವುದಿಲ್ಲ. ಬಂದವರು ಕೂತು, ಸತ್ತವನ ಬಗ್ಗೆ ನಾಲ್ಕು ಮಾತಾಡಿ ಎದ್ದು ಹೋಗುತ್ತಾರೆ. ಹೋಗಿ ಬರುತ್ತೇನೆ ಎಂದು ಹೇಳಬಾರದು, ಮನೆಯವರು ಹೋಗಿ ಬನ್ನಿ ಎಂದು ಕಳಿಸಬಾರದು. ಇದು ಈ ಊರಿನಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಕ್ರಮ. ಅಧ್ಯಕ್ಷೆ, ಮಾಸ್ಟ್ರು, ನಾಟಕದವರು, ಅಷ್ಟೂ ಮಂದಿ ಆ ಚಾಪೆಯ ಮೇಲೆ ಕೂತಿದ್ದರು, ಯಾವ ಚಾಪೆ ಎಂದು ಒಬ್ಬರಿಗೂ ಗೊತ್ತಾಗಿರಲಿಲ್ಲ. ಸಾವಿಗೆ ಬರದ ಊರನ್ನು ಸುಂದರಿಯಕ್ಕ ಒಬ್ಬೊಬ್ಬರನ್ನಾಗಿ ಸಾವಿಗೆ ಬರಮಾಡಿಕೊಳ್ಳುತ್ತಿದ್ದರು, ಅದೂ ಸರಕಾರಿ ಖರ್ಚಿನಲ್ಲಿ.

"ಇನ್ನು ಯಾರು ಬರ್ಬೇಕಿತ್ತು?" ಎಂದು ಕಾಂತಿ ಕೇಳಿದಳು.

"ಹೆಚ್ಚಿನವರು ಬಂದು ಆಯ್ತು. ಮುಂಡಪ್ಪ ಬರ್ಲಿಲ್ಲ." ಸುಂದರಿಯಕ್ಕ ಒಂದು ಎಲೆ ಎತ್ತಿಕೊಂಡು ಕತ್ತರಿಯಿಂದ ಅಂಚು ಸವರಿದರು. "ನೀನೂ ಬರ್ಲಿಲ್ಲ."

"ನಾನು ಹತ್ತು ಸಲ ಬಂದಿದ್ದೇನಲ್ಲ ಅಕ್ಕ."

"ಅಂಗಳಕ್ಕೆ ಬಂದಿದ್ದಿ."

ಫಾರಂ, ರಿಜಿಸ್ಟರು, ಕಾಗದ, ಎಲ್ಲ ಕಾಂತಿಯ ಕೈಯಲ್ಲೇ ಇದ್ದವು. ಆ ಪ್ರಮಾಣಪತ್ರದ ನಂಬರನ್ನು ಬರೆದುಕೊಂಡು ಡಾಕ್ಟರಿಗೆ ಒಂದು ಫೋನ್ ಮಾಡಿದರೆ ನೂರಕ್ಕೆ ನೂರು; ಎರಡು ನಿಮಿಷದ ಕೆಲಸ. ಅವಳು ಫೋನ್ ತೆಗೆದಳು. ಮಾಡಿದ್ದು ಗಂಡನಿಗೆ. "ಹಲೋ, ಒಮ್ಮೆ ಸುಂದರಿಯಕ್ಕನ ಮನೆಗೆ ಬನ್ನಿ. ಬಾಡಿಗೆ ಇದ್ರೆ ಬಿಟ್ಟು ಬನ್ನಿ" ಎಂದಳು. ಎಂತಕ್ಕೆ ಎಂದು ಅವನು ಕೇಳಲಿಲ್ಲ.

ರಿಕ್ಷಾ ಬಂದು ಗೇಟಿನ ಹೊರಗೆ ನಿಂತಿತು. ಮುಂಡಪ್ಪ ಬಹಳ ಹೊತ್ತು ಕೆಳಗಿಳಿಯಲಿಲ್ಲ. ಇಳಿದ ಮೇಲೂ ಚಪ್ಪಲಿ ಬಿಡಲು ಅವನಿಗೆ ಅಷ್ಟೇ ಹೊತ್ತು ಬೇಕಾಯಿತು. ಸುಂದರಿಯಕ್ಕ ಗೆರಸೆ ಸರಿಸಿ ಚಾಪೆ ಹಾಸಿದ್ದರು. ಇಬ್ಬರೂ ಕೂತರು. ಗಲ್ಲದ ಮೇಲಿದ್ದ ಮಾಸ್ಕನ್ನು ಮುಂಡಪ್ಪ ತೆಗೆದು ಕೈಯಲ್ಲಿ ಹಿಡಿದುಕೊಂಡ, ಮತ್ತೆ ಹಾಕಿದ, ಮತ್ತೆ ತೆಗೆದ.

"ಅಪ್ಪ ಹೋದಾಗ ಶೇಷಪ್ಪಣ್ಣ ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಕೂಡ ಕುಡೀಲಿಲ್ಲ" ಎಂದ ಕೊನೆಗೆ. "ಮಳೆಯಲ್ಲಿ ನೆನೆದು ಚಂಡಿಯಾಗಿ ನಡುಗ್ತಾ ಇದ್ರು. ಕುಡೀರಿ ಅಂದ್ರೆ, ಇದು ಮುಗೀಲಿ ಅಂದ್ರು. ಮುಗಿದ ಮೇಲೆ ನೋಡಿದ್ರೆ ಹೋಗಿ ಆಗಿತ್ತು." ಅವನು ನೆಲ ನೋಡುತ್ತಾ ಮುಂದುವರಿಸಿದ. "ಅವತ್ತು ನಾನು ರಿಕ್ಷಾ ತರ್ಬೇಕಿತ್ತು ಸುಂದರಿಯಕ್ಕ. ಕೀಲಿ ಕೈಯಲ್ಲೇ ಇತ್ತು."

"ನಾನು ತಡೆದದ್ದು" ಎಂದಳು ಕಾಂತಿ. "ಆದೇಶ ಉಂಟು ಅಂತ ನಾನೇ ತಡೆದದ್ದು." ಏಳು ತಿಂಗಳು ಒಳಗೇ ಇಟ್ಟುಕೊಂಡಿದ್ದ ಮಾತು ಹೊರಗೆ ಬಂದದ್ದೇ ಅವಳಿಗೆ ಅಳು ಬಂತು. ಸರಕಾರಿ ಗುಲಾಬಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳು ಚಿಕ್ಕ ಹುಡುಗಿಯ ಹಾಗೆ ಅತ್ತಳು.

ಸುಂದರಿಯಕ್ಕ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅವಳು ಅತ್ತು ಮುಗಿಸುವವರೆಗೆ ಕಾದು, "ದಯಾನಂದ ಮುಂಡಪ್ಪನಿಗೆ ಫೋನ್ ಮಾಡಿದ್ದು ಗೊತ್ತಾಗಿ ಇವರು ಮಗನಿಗೆ ಬೈದರು" ಎಂದರು. "ಮಾತಾಡ್ಲಿಕ್ಕೆ ಉಸಿರು ಇರ್ಲಿಲ್ಲ, ಆದ್ರೂ ಬೈದರು. ಮುಂಡಪ್ಪನ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅವನನ್ನು ಯಾಕೆ ಕರೆದದ್ದು ಅಂತ."

ಮೂವರೂ ಅರ್ಧ ಗಂಟೆ ಹಾಗೆಯೇ ಕೂತರು. ಎದ್ದಾಗ ಕಾಂತಿ ಬರ್ತೇನೆ ಎನ್ನಲಿಲ್ಲ, ಮುಂಡಪ್ಪನೂ ಎನ್ನಲಿಲ್ಲ. ರಿಕ್ಷಾದಲ್ಲಿ ಕೂತ ಮೇಲೆ ನೋಡಿದರೆ ಪ್ರಮಾಣಪತ್ರದ ಕವರು ಇನ್ನೂ ಅವಳ ಮಡಿಲಲ್ಲೇ ಇತ್ತು. ಅದನ್ನು ಸುಂದರಿಯಕ್ಕ ಮರೆತು ಕೊಟ್ಟದ್ದೋ, ತಿಳಿದೇ ಕೊಟ್ಟದ್ದೋ ಎಂಬುದು ಕಾಂತಿಗೆ ಇವತ್ತಿಗೂ ಗೊತ್ತಿಲ್ಲ.

ಡಾಕ್ಟರು ಕಾಗದ ನೋಡಿ ಸಂತೋಷಪಡುತ್ತಾರೆ ಎಂದುಕೊಂಡಿದ್ದಳು. ಅವರು ತಲೆಗೆ ಕೈ ಇಟ್ಟುಕೊಂಡರು. "ಈ ಡೋಸು ಹೋದದ್ದು ಮೂಡುಬಿದಿರೆಯ ಲೆಕ್ಕಕ್ಕೆ. ಅಲ್ಲಿಯ ಶೇಕಡಾ ಜಾಸ್ತಿ ಆಯ್ತು, ನಮಗೆ ಎಂತ ಬಂತು? ಪಟ್ಟಿಯಿಂದ ಹೆಸರು ತೆಗೀಬಹುದು, ಆದ್ರೆ ಕೊನೆಯ ಫಲಾನುಭವಿಯ ಫೋಟೊ ಬೇಕು ಅಂತ ಮೇಲಿನಿಂದ ಕೇಳಿದ್ದಾರಲ್ಲ" ಎಂದರು. ಕೊನೆಗೆ ಅವರೇ ದಾರಿ ಹುಡುಕಿದರು. ಭಾನುವಾರ ಸುಂದರಿಯಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಮುಚ್ಚಳ ತೆಗೆಯದ ಸಿರಿಂಜನ್ನು ತೋಳಿನ ಹತ್ತಿರ ಹಿಡಿದು ಫೋಟೊ ತೆಗೆದರು. "ಫೋಟೊ ತಾನೇ, ತೆಗೀಲಿ" ಎಂದು ಸುಂದರಿಯಕ್ಕ ತೋಳು ಕೊಟ್ಟರು. ಕಾಂತಿಯ ಕೆಲಸ ಉಳಿಯಿತು.

ಸೋಮವಾರ ಶಾಮಿಯಾನದ ಕೆಳಗೆ ಊರಿಗೆ ಊರೇ ಸೇರಿತ್ತು. ಅಂತರ ಕಾಪಾಡಿ ಎಂಬ ಬ್ಯಾನರಿನ ಅಡಿಯಲ್ಲಿ ಒಂದು ಕುರ್ಚಿಗೆ ಇಬ್ಬರಂತೆ ಕೂತಿದ್ದರು. ಮುಖ್ಯ ಅತಿಥಿಗಳು ಜಿಲ್ಲೆಯಿಂದ ಬಂದ ದೊಡ್ಡವರು. ಇದು ಮೂಢನಂಬಿಕೆಯ ಮೇಲೆ ವಿಜ್ಞಾನ ಸಾಧಿಸಿದ ಜಯ, ಒಬ್ಬ ಮಹಿಳೆಗಾಗಿ ಇಡೀ ಆಡಳಿತವೇ ಆಕೆಯ ಮನೆಬಾಗಿಲಿಗೆ ಹೋದದ್ದು ದೇಶಕ್ಕೇ ಮಾದರಿ ಎಂದು ಇಪ್ಪತ್ತು ನಿಮಿಷ ಮಾತಾಡಿದರು. ತಾಲೂಕಿನ ಸಾಹೇಬರು ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂತು ಕೈಯುಗುರುಗಳನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ಸುಂದರಿಯಕ್ಕನನ್ನು ಕರೆದು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ಫೋಟೊ ಆಯಿತು. ಇಳಿದು ಹೋಗಬೇಕು ಎನ್ನುವಾಗ ಅತಿಥಿಗಳಿಗೆ ಏನನ್ನಿಸಿತೋ, ಮೈಕನ್ನು ಸುಂದರಿಯಕ್ಕನ ಮುಂದೆ ಹಿಡಿದು, "ಅಮ್ಮ, ಇಷ್ಟು ದಿನ ಒಪ್ಪದವರು ಕೊನೆಗೆ ಒಪ್ಪಿದ್ದು ಹೇಗೆ, ಎರಡು ಮಾತು ಹೇಳಿ" ಎಂದರು.

ಸುಂದರಿಯಕ್ಕ ಎದುರಿಗಿದ್ದವರನ್ನೆಲ್ಲ ಒಮ್ಮೆ ನೋಡಿದರು. ಅವಸರ ಮಾಡಲಿಲ್ಲ. ಕೆಳಗೆ ನಿಂತಿದ್ದ ಕಾಂತಿ ರಿಜಿಸ್ಟರನ್ನು ಎದೆಗೆ ಒತ್ತಿಕೊಂಡಳು.

"ಇವರು ಹೋದಾಗ ಬರ್ಲಿಕ್ಕೆ ಆಗದವರೆಲ್ಲ ಬಂದು ಆಯ್ತು" ಎಂದರು ಸುಂದರಿಯಕ್ಕ. "ಹಾಗೆ."

ಮುಖ್ಯ ಅತಿಥಿಗಳು ನಗುಮುಖದಿಂದ ಚಪ್ಪಾಳೆ ತಟ್ಟಿದರು. ಶಾಮಿಯಾನದ ಕೆಳಗಿನಿಂದ ಒಂದು ಸದ್ದೂ ಬರಲಿಲ್ಲ. ಊರವರಿಗೆ ಸರಿಯಾಗಿ ಕೇಳಿಸಲಿಲ್ಲವೋ ಏನೋ ಎಂದು ಅವರು ಮೈಕನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಆ ಮಾತನ್ನು ತಾವೇ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು.